ಮಗ್, ಟೀ-ಶರ್ಟ್, ಕೀಚೈನ್: ಪ್ರಿಂಟಿಗೆ ಫೈಲ್ ಕೊಡುವ ಮುನ್ನ

ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕ್ಯಾಲೆಂಡರ್, ನೋಟ್‌ಬುಕ್, ಲಗ್ನಪತ್ರಿಕೆ ಅಚ್ಚು ಹಾಕಿ ಹಾಕಿಯೇ ಊರಿಗೆ ಮುದ್ರಣ ಕಾಶಿ ಅನ್ನುವ ಹೆಸರು ಬಂದಿದೆ. ನಾನೂ ಇಲ್ಲಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತ ಕೆಲಸ ಕಲಿತವಳು. ಈಗ ಬೆಟಗೇರಿಯಲ್ಲಿ ನನ್ನದೇ ಸಣ್ಣ ಅಂಗಡಿ. ಲಗ್ನಪತ್ರಿಕೆಗಿಂತ ಮಗ್, ಟೀ-ಶರ್ಟ್, ಕೀಚೈನ್, ಅಕ್ರಿಲಿಕ್ ನೇಮ್ ಬೋರ್ಡ್ ಕೆಲಸವೇ ಜಾಸ್ತಿ. ಗುರುವಂದನೆ ಮಾಡುವ ಹಳೆ ವಿದ್ಯಾರ್ಥಿಗಳಿಗೆ ಮಗ್ ಬೇಕು. ಗಜಾನನ ಮಂಡಳಿ ಹುಡುಗರಿಗೆ ಟೀ-ಶರ್ಟ್ ಬೇಕು. ಕುಬಸಕ್ಕೋ ಜವಳಕ್ಕೋ ಬಂದವರ ಕೈಗೆ ಕೊಡಲು ಹೆಸರಿರುವ ಏನಾದರೊಂದು ಬೇಕು.

ಕಾವು ಕೊಟ್ಟು ಅಚ್ಚು ಇಳಿಸುವ ಹೀಟ್ ಪ್ರೆಸ್ ಒತ್ತುವುದನ್ನು ಯಾರಿಗಾದರೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ತಲೆನೋವೆಲ್ಲ ಫೈಲಿನದು. ಮಷೀನ್ ನಮ್ಮನ್ನು ಏನೂ ಕೇಳುವುದಿಲ್ಲ, ಕೊಟ್ಟದ್ದನ್ನು ಹೊಡೆದು ಹಾಕುತ್ತದೆ. ಹಾಗಾಗಿ ಕೇಳಬೇಕಾದ್ದನ್ನೆಲ್ಲ ಫೈಲ್ ಮಾಡುವವರೇ ಮೊದಲು ಕೇಳಿಕೊಂಡಿರಬೇಕು. ಮನೆಯಲ್ಲಿ ಕೂತು ಕ್ಯಾನ್ವಾದಲ್ಲೋ ಕೋರೆಲ್‌ನಲ್ಲೋ ಡಿಸೈನ್ ಮಾಡಿ ನಮ್ಮಂಥವರಿಗೆ ಕಳಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರ್ ತೆಗೆಯುವ ಮೊದಲು ಸ್ಕೇಲ್ ತೆಗೆಯಿರಿ

ಬಹಳ ಜನ ಮೊದಲು ಡಿಸೈನ್ ಮಾಡಿ, ಆಮೇಲೆ ಅದನ್ನು ಯಾವುದರ ಮೇಲೆ ಹಾಕಿಸೋಣ ಅಂತ ಯೋಚಿಸುತ್ತಾರೆ. ಇದು ತಿರುವು ಮುರುವು ಆಗಬೇಕು. ವಸ್ತು ಯಾವುದು, ಅದರ ಮೇಲೆ ಅಚ್ಚು ಬೀಳುವ ಜಾಗ ಎಷ್ಟು ಅನ್ನುವುದು ಮೊದಲು ಗೊತ್ತಾಗಬೇಕು.

ಮಗ್ಗನ್ನೇ ತಗೊಳ್ಳಿ. ಅಂಗಡಿಗಳಲ್ಲಿ ಮಾಮೂಲಿ ಸಿಗುವ 11 ಔನ್ಸ್ ಬಿಳಿ ಮಗ್ಗಿನ ವ್ಯಾಸ ಸುಮಾರು 82 ಮಿಲಿಮೀಟರ್, ಎತ್ತರ ಸುಮಾರು 95. ಸುತ್ತಳತೆ ಹೆಚ್ಚುಕಡಿಮೆ 257 ಮಿಲಿಮೀಟರ್ ಆಗುತ್ತದೆ. ಹಿಡಿಕೆಯ ಎರಡೂ ಕಡೆ ಜಾಗ ಬಿಡಬೇಕು. ಮೇಲಿನ ಅಂಚಿಗೆ ಮತ್ತು ಬುಡಕ್ಕೆ ಕಾವು ಸರಿಯಾಗಿ ತಾಗುವುದಿಲ್ಲ, ಅಲ್ಲಿ ಬಣ್ಣ ಮಾಸಿದ ಹಾಗೆ ಬರುತ್ತದೆ. ಹಾಗಾಗಿ 200ಕ್ಕೆ 90 ಮಿಲಿಮೀಟರ್ ಅಳತೆಯಲ್ಲಿ ಫೈಲ್ ಮಾಡಿದರೆ ನೆಮ್ಮದಿ. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಇಟ್ಟರೆ ಅದು 2362ಕ್ಕೆ 1063 ಪಿಕ್ಸೆಲ್. ಎಲ್ಲ ಕಂಪನಿಯ ಮಗ್ಗೂ ಒಂದೇ ಅಳತೆ ಇರುವುದಿಲ್ಲ. ಒಂದು ಕಾಗದದ ಪಟ್ಟಿ ಸುತ್ತಿ, ಪೆನ್ಸಿಲ್‌ನಿಂದ ಗುರುತು ಹಾಕಿ, ಬಿಚ್ಚಿ ಅಳೆದುಬಿಡಿ.

ಇನ್ನೊಂದು ವಿಷಯ. ಪರದೆಯ ಮೇಲೆ 20 ಸೆಂಟಿಮೀಟರ್ ಉದ್ದದ ಪಟ್ಟಿ ಒಟ್ಟಿಗೆ ಕಾಣುತ್ತದೆ. ಮಗ್ ದುಂಡಗಿದೆ, ಒಂದು ಕಡೆಯಿಂದ ನೋಡಿದರೆ ಎಂಟು ಸೆಂಟಿಮೀಟರಷ್ಟೇ ನೆಟ್ಟಗೆ ಕಾಣುವುದು. ಉಳಿದದ್ದು ಬದಿಗೆ ಸರಿದು ಹೋಗುತ್ತದೆ. ಗಂಡ-ಹೆಂಡತಿ ಫೋಟೋವನ್ನು ಇಡೀ ಪಟ್ಟಿಗೆ ಹಿಗ್ಗಿಸಿದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆಗುತ್ತಾರೆ. ಫೋಟೋ ಏಳೆಂಟು ಸೆಂಟಿಮೀಟರ್ ಅಗಲಕ್ಕೆ ಇಟ್ಟು, ಇನ್ನೊಂದು ಬದಿಗೆ ಹೆಸರು, ತಾರೀಖು ಹಾಕಿ. ಬಲಗೈಯಲ್ಲಿ ಮಗ್ ಹಿಡಿದು ಚಹಾ ಕುಡಿಯುವವರಿಗೆ ಕಾಣುವುದು ಫೈಲಿನ ಬಲ ಅರ್ಧ, ಎದುರಿಗೆ ಕೂತವರಿಗೆ ಎಡ ಅರ್ಧ. ಯಾರು ಏನು ನೋಡಬೇಕು ಅಂತ ನೀವೇ ನಿರ್ಧರಿಸಿ. ಗುರುವಂದನೆ ಮಗ್ಗಿನಲ್ಲಿ ನಾನು ಶಾಲೆಯ ಹೆಸರನ್ನು ಎಡಕ್ಕೂ ಗ್ರೂಪ್ ಫೋಟೋವನ್ನು ಬಲಕ್ಕೂ ಇಡುತ್ತೇನೆ. ಮಾಸ್ತರರು ಕುಡಿಯುವಾಗ ಹುಡುಗರ ಮುಖ ನೋಡಲಿ ಅಂತ.

ಆದರೆ ನಲವತ್ತು ಜನರ ಗ್ರೂಪ್ ಫೋಟೋ ಎಂಟು ಸೆಂಟಿಮೀಟರಿನಲ್ಲಿ ಹಿಡಿಯುವುದಿಲ್ಲ. ಸಾಲಿಗೆ ಹತ್ತು ಜನ ಅಂದರೆ ಒಬ್ಬರಿಗೆ ಎಂಟು ಮಿಲಿಮೀಟರ್, ಅದೂ ಭುಜ ಸೇರಿ. ಮುಖ ಎಳ್ಳಿನಷ್ಟು ಬರುತ್ತದೆ. ಅಂಥ ಫೋಟೋಗೆ ಫ್ರೇಮ್ ಮಾಡಿಸಿ, ಮಗ್ಗಿಗೆ ಹಳೆಯ ಶಾಲಾ ಕಟ್ಟಡದ ಫೋಟೋ ಹಾಕಿಸಿ ಅಂತ ಹೇಳುತ್ತೇನೆ. ಕೇಳಿದವರು ಕೇಳುತ್ತಾರೆ.

ಫೋಟೋ ಎಲ್ಲಿಂದ ಬಂತು?

"ಅಕ್ಕಾರ, ಮೊಬೈಲ್‌ನ್ಯಾಗ ಭಾಳ ಛಲೋ ಕಾಣ್ತೈತ್ರಿ" ಅನ್ನುವುದು ದಿನಾ ಕೇಳುವ ಮಾತು. ಮೊಬೈಲಿನಲ್ಲಿ ಎಲ್ಲವೂ ಛಲೋನೇ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಎಂಟು ಸೆಂಟಿಮೀಟರ್ ಜಾಗಕ್ಕೆ ಅದು ಸಾಕು. ಅದೇ ಫೋಟೋವನ್ನು ಟೀ-ಶರ್ಟ್ ಬೆನ್ನಿಗೆ 30 ಸೆಂಟಿಮೀಟರ್ ಮಾಡಿದರೆ ಇಂಚಿಗೆ 135 ಪಿಕ್ಸೆಲ್ ಉಳಿಯುತ್ತದೆ, ಅಂಚೆಲ್ಲ ಮಸುಕು. ಯಾರೋ ಸ್ಟೇಟಸ್‌ಗೆ ಹಾಕಿದ್ದರ ಸ್ಕ್ರೀನ್‌ಶಾಟ್, ಅದನ್ನು ಇನ್ನೊಬ್ಬರು ಫಾರ್ವರ್ಡ್ ಮಾಡಿದ್ದು ಅಂದರೆ ಅದಕ್ಕಿಂತ ಕಡೆ.

ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಟ್ಯಾಚ್ ಗುರುತು ಒತ್ತಿ, ಗ್ಯಾಲರಿ ಬಿಟ್ಟು ಡಾಕ್ಯುಮೆಂಟ್ ಆರಿಸಿದರೆ ಮೂಲ ಫೈಲ್ ಹಾಗೇ ಬರುತ್ತದೆ. 72 ಡಿಪಿಐ ಇದ್ದದ್ದನ್ನು ಫೋಟೋಶಾಪ್‌ನಲ್ಲಿ 300 ಅಂತ ಸುಮ್ನೆ ಬದಲಿಸಿದರೆ ಏನೂ ಆಗುವುದಿಲ್ಲ. ಇಲ್ಲದ ಪಿಕ್ಸೆಲ್ ಎಲ್ಲಿಂದ ಬರಬೇಕು? ಎಐ ಬಳಸಿ ದೊಡ್ಡದು ಮಾಡುವ ಸಾಧನಗಳಿವೆ. ಹೂವು, ಲೋಗೋಗೆ ಪರವಾಗಿಲ್ಲ. ತೀರಿಹೋದ ಅಜ್ಜನ ಫೋಟೋಗೆ ಮಾತ್ರ ಅವನ್ನು ಬಳಸಬೇಡಿ. ಅವು ಹೊಸ ಕಣ್ಣು, ಹೊಸ ಹಲ್ಲು ಕೂಡಿಸಿ ಬೇರೆ ಯಾರನ್ನೋ ಮಾಡಿ ಕೊಡುತ್ತವೆ. ಹಳೆ ಫೋಟೋವನ್ನು ಮನೆಯಿಂದ ತಂದು ಸ್ಕ್ಯಾನರ್ ಮೇಲೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ.

ಕನ್ನಡ ಅಕ್ಷರ ಮುರಿಯುವ ಜಾಗಗಳು

ಇಂಗ್ಲಿಷ್ ಹೆಸರಾದರೆ ಫಾಂಟ್ ಬದಲಾದರೂ ಓದಲಿಕ್ಕಾದರೂ ಬರುತ್ತದೆ. ಕನ್ನಡಕ್ಕೆ ಆ ಭಾಗ್ಯವಿಲ್ಲ. ನಮ್ಮೂರಿನ ಪ್ರೆಸ್‌ಗಳಲ್ಲಿ ಇನ್ನೂ ಹಳೆಯ ಕೋರೆಲ್, ಹಳೆಯ ಪೇಜ್‌ಮೇಕರ್ ಓಡುತ್ತಿವೆ. ಅವುಗಳಿಗೆ ಯೂನಿಕೋಡ್ ಕನ್ನಡ, ಅಂದರೆ ಮೊಬೈಲಿನಲ್ಲಿ ನಾವು ಟೈಪ್ ಮಾಡುವಂಥದ್ದು, ಜೋಡಿಸಲು ಬರುವುದಿಲ್ಲ. ಅದಕ್ಕೇ ನುಡಿ, ಬರಹ, ಶ್ರೀಲಿಪಿಯ ಹಳೆ ಮಾದರಿಯ ಫಾಂಟ್‌ಗಳು ಇನ್ನೂ ಬದುಕಿವೆ. ಈ ಫಾಂಟ್‌ಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಮೇಲಿನ ವೇಷ ಮಾತ್ರ ಕನ್ನಡದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ವೇಷ ಕಳಚಿ ಬೀಳುತ್ತದೆ, ಒಂದಕ್ಷರವೂ ಓದಲಿಕ್ಕಾಗುವುದಿಲ್ಲ.

ಪರಿಹಾರ ಎಲ್ಲರಿಗೂ ಗೊತ್ತಿರುವುದೇ, ಮಾಡುವವರು ಕಡಿಮೆ. ಕಳಿಸುವ ಮೊದಲು ಅಕ್ಷರಗಳನ್ನು ಕರ್ವ್ ಮಾಡಿ. ಕೋರೆಲ್‌ನಲ್ಲಿ ಎಲ್ಲ ಆಯ್ಕೆ ಮಾಡಿ ಕಂಟ್ರೋಲ್-ಕ್ಯೂ. ಇಲಸ್ಟ್ರೇಟರ್‌ನಲ್ಲಿ ಕಂಟ್ರೋಲ್-ಶಿಫ್ಟ್-ಓ. ಕರ್ವ್ ಮಾಡಿದ ಮೇಲೆ ಅದು ಅಕ್ಷರವಲ್ಲ, ಗೆರೆಗಳ ಆಕಾರ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಹಾಗೇ ಇರುತ್ತದೆ. ಆದರೆ ಆಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ. ಹಾಗಾಗಿ ಕರ್ವ್ ಮಾಡದ ಫೈಲನ್ನು ಬೇರೆ ಹೆಸರಿನಲ್ಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೋರೆಲ್ ಫೈಲನ್ನೇ ಕಳಿಸುವುದಾದರೆ ಅವರ ಹತ್ತಿರ ಯಾವ ವರ್ಷನ್ ಇದೆ ಅಂತ ಕೇಳಿ, ಸೇವ್ ಮಾಡುವಾಗ ಅದೇ ವರ್ಷನ್ ಆರಿಸಿ. ಹೊಸ ವರ್ಷನ್‌ನ ಫೈಲ್ ಹಳೆಯದರಲ್ಲಿ ತೆರೆಯುವುದೇ ಇಲ್ಲ.

ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಹಾಕಿದಾಗ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿದೆಯೇ? ಫಾಂಟ್ ಕೆಟ್ಟಿಲ್ಲ. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವಲ್ಲಿ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಸ್ವಲ್ಪ ಹಳೆಯ ವರ್ಷನ್‌ಗಳಲ್ಲಿ ಇದೇ ಆಯ್ಕೆ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತ ಇರುತ್ತದೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಇದೊಂದು ಗೊತ್ತಿಲ್ಲದೆ ಎಷ್ಟೋ ಜನ ಕನ್ನಡವನ್ನು ಬೇರೆ ಕಡೆ ಬರೆದು ಚಿತ್ರ ಮಾಡಿ ಅಂಟಿಸುತ್ತಾರೆ. ಅದು ದೊಡ್ಡದು ಮಾಡಿದಾಗ ಒಡೆಯುತ್ತದೆ.

ಇನ್ನು ಹೆಸರುಗಳು. ರಾಜ್‌ಕುಮಾರ ಅಂತ ಸರಳವಾಗಿ ಟೈಪ್ ಮಾಡಿದರೆ ಯೂನಿಕೋಡ್ ಜ ಕೆಳಗೆ ಕ ಒತ್ತು ಹಾಕಿ ರಾಜ್ಕುಮಾರ ಮಾಡುತ್ತದೆ. ಆ ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು, ಅದಕ್ಕೆ ಝೀರೋ ವಿಡ್ತ್ ನಾನ್ ಜಾಯಿನರ್ ಅನ್ನುತ್ತಾರೆ. ವರ್ಡ್‌ನಲ್ಲಿ ಅರ್ಧಾಕ್ಷರ ಆದ ಮೇಲೆ 200 ಮತ್ತು ಇಂಗ್ಲಿಷಿನ ಸಿ ಅಕ್ಷರ ನಡುವೆ ಜಾಗ ಬಿಡದೆ ಬರೆದು ಆಲ್ಟ್-ಎಕ್ಸ್ ಒತ್ತಿದರೆ ಅದು ಬಂದು ಕೂರುತ್ತದೆ. ಅಲ್ಲಿಂದ ಕಾಪಿ ಮಾಡಿಕೊಳ್ಳಿ. ಪ್ರೂಫ್ ನೋಡುವವರಿಗೆ ಈ ತಪ್ಪು ಕಾಣುವುದೇ ಇಲ್ಲ, ಯಾಕಂದರೆ ಅವರು ಓದುವುದು ಹೆಸರನ್ನು, ಅಕ್ಷರವನ್ನಲ್ಲ. ಮಗ್ ಕೈಗೆ ಬಂದ ಮೇಲೆ ರಾಜ್‌ಕುಮಾರರೇ ಕಂಡುಹಿಡಿಯುತ್ತಾರೆ.

ಫಾಂಟ್ ಯಾವುದು ಅಂತ ಕೇಳುವವರಿಗೆ: ಗೂಗಲ್ ಫಾಂಟ್ಸ್‌ನಲ್ಲಿ ಬಲೂ ತಮ್ಮಾ, ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಎಲ್ಲ ಪುಕ್ಕಟೆ ಸಿಗುತ್ತವೆ. ಹುಬ್ಬಳ್ಳಿ ಅನ್ನುವ ಹೆಸರಿನ ಫಾಂಟೇ ಒಂದಿದೆ, ಒಂದೇ ದಪ್ಪದ ಗೆರೆಯದು. ಮರದ ಮೇಲೆ ಲೇಸರ್‌ನಲ್ಲಿ ಬರೆಯಲು ನನಗೆ ಅದು ಇಷ್ಟ. ಟೀ-ಶರ್ಟಿಗೆ ಮಾತ್ರ ಬಲೂ ತಮ್ಮಾದಂಥ ದಪ್ಪನೆಯದೇ ಸರಿ.

ಇನ್ನೂರು ಹೆಸರು ಬಂದಾಗ

ಒಂದೇ ಡಿಸೈನ್, ಇನ್ನೂರು ಬೇರೆ ಬೇರೆ ಹೆಸರು. ಒಂದೊಂದಾಗಿ ಟೈಪ್ ಮಾಡುತ್ತ ಕೂರಬೇಡಿ. ಕೋರೆಲ್‌ನಲ್ಲಿ ಪ್ರಿಂಟ್ ಮರ್ಜ್ ಇದೆ, ಇನ್‌ಡಿಸೈನ್‌ನಲ್ಲಿ ಡೇಟಾ ಮರ್ಜ್ ಇದೆ, ಫೋಟೋಶಾಪ್‌ನಲ್ಲಿ ವೇರಿಯಬಲ್ಸ್ ಇದೆ. ಎಕ್ಸೆಲ್‌ನಲ್ಲಿ ಹೆಸರಿನ ಪಟ್ಟಿ ಮಾಡಿ ಜೋಡಿಸಿದರೆ ಅದೇ ಹಾಕಿಕೊಳ್ಳುತ್ತದೆ. ಇಲ್ಲೊಂದು ಎಡವುವ ಜಾಗ ಇದೆ. ಎಕ್ಸೆಲ್ ಫೈಲನ್ನು ಬರೀ ಸಿಎಸ್‌ವಿ ಅಂತ ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ. ಸಿಎಸ್‌ವಿ ಯುಟಿಎಫ್-8 ಅಂತ ಬೇರೆ ಆಯ್ಕೆ ಇದೆ, ಅದನ್ನು ಆರಿಸಿ. ಇನ್‌ಡಿಸೈನ್‌ಗೆ ಆದರೆ ಯೂನಿಕೋಡ್ ಟೆಕ್ಸ್ಟ್ ಅಂತ ಸೇವ್ ಮಾಡಿದ್ದು ಚೆನ್ನಾಗಿ ಒಗ್ಗುತ್ತದೆ.

ಜಾಗವನ್ನು ಉದ್ದನೆಯ ಹೆಸರಿಗೆ ಅಳೆಯಿರಿ. ಉಷಾ ಪಾಟೀಲಗೆ ಸರಿ ಕಂಡದ್ದು ಮಲ್ಲಿಕಾರ್ಜುನ ಮೆಣಸಿನಕಾಯಿಗೆ ಸಾಲುವುದಿಲ್ಲ. ಪಟ್ಟಿಯಲ್ಲಿ ಅತಿ ಉದ್ದದ ಹೆಸರು ಹುಡುಕಿ ಅದನ್ನೇ ಮೊದಲು ಹಾಕಿ ನೋಡಿ. ಹಿಡಿಯದಿದ್ದರೆ ಅಡ್ಡಹೆಸರನ್ನು ಎರಡನೇ ಸಾಲಿಗೆ ತನ್ನಿ. ಅಕ್ಷರಗಳನ್ನು ಅಡ್ಡಕ್ಕೆ ಅದುಮಿ ಹಿಡಿಸಬೇಡಿ, ಕನ್ನಡ ಅಕ್ಷರ ಅದುಮಿದರೆ ತೀರಾ ಅಸಹ್ಯ ಕಾಣುತ್ತದೆ.

ಪಾಟೀಲ ಬರೆಯಬೇಕೋ ಪಾಟೀಲ್ ಬರೆಯಬೇಕೋ ಅಂತ ನೀವು ನಿರ್ಧರಿಸಬೇಡಿ. ಮನೆಯವರು ಬರೆದು ಕೊಡಲಿ. ಕೈಯಿಂದ ಬರೆದದ್ದಲ್ಲ, ಟೈಪ್ ಮಾಡಿದ್ದು.

ಟೀ-ಶರ್ಟ್

ಮಗ್ಗಿಗೆ ನಾವು ಬಳಸುವುದು ಸಬ್ಲಿಮೇಶನ್, ಅಂದರೆ ಕಾಗದದ ಮೇಲೆ ಹೊಡೆದ ಬಣ್ಣವನ್ನು ಕಾವಿನಿಂದ ವಸ್ತುವಿಗೆ ಇಳಿಸುವುದು. ಇದರಲ್ಲಿ ಬಿಳಿ ಇಂಕ್ ಇಲ್ಲ. ಫೈಲಿನಲ್ಲಿ ಬಿಳಿ ಇರುವ ಕಡೆ ವಸ್ತುವಿನದೇ ಬಣ್ಣ ಕಾಣುತ್ತದೆ. ಬಟ್ಟೆಯಾದರೆ ಪಾಲಿಯೆಸ್ಟರ್ ಇರಬೇಕು, ತಿಳಿ ಬಣ್ಣದ್ದಾಗಿರಬೇಕು. ಹತ್ತಿ ಬಟ್ಟೆಗೆ ಹಿಡಿಯುವುದಿಲ್ಲ. ಕಪ್ಪು ಹತ್ತಿ ಟೀ-ಶರ್ಟ್ ಮೇಲೆ ಬಣ್ಣದ ಗಣಪತಿ ಬೇಕೆಂದರೆ ಡಿಟಿಎಫ್ ಮಾಡಬೇಕು. ಅದು ಫಿಲ್ಮ್ ಮೇಲೆ ಬಣ್ಣ ಹೊಡೆದು, ಮೇಲೆ ಬಿಳಿ ಹೊಡೆದು, ಅಂಟಿನ ಪುಡಿ ಉದುರಿಸಿ ಬಟ್ಟೆಗೆ ಒತ್ತುವ ವಿಧಾನ.

ಡಿಟಿಎಫ್‌ಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ ಕೊಡಿ. ಜೆಪೆಗ್ ಕೊಟ್ಟರೆ ಗಣಪತಿಯ ಸುತ್ತ ಬಿಳಿ ಚೌಕವೂ ಬಟ್ಟೆ ಮೇಲೆ ಬರುತ್ತದೆ. ಕ್ಯಾನ್ವಾದಲ್ಲಿ ಹಿನ್ನೆಲೆ ಇಲ್ಲದೆ ಇಳಿಸಿಕೊಳ್ಳಲು ದುಡ್ಡು ಕಟ್ಟಿದ ಖಾತೆ ಬೇಕು. ಹಿನ್ನೆಲೆ ತೆಗೆದ ಮೇಲೆ ಕೆಳಗೆ ಗಾಢ ಹಸಿರು ಲೇಯರ್ ಇಟ್ಟು ನೋಡಿ. ಅಲ್ಲಲ್ಲಿ ಉಳಿದ ಬಿಳಿ ಚುಕ್ಕೆ, ಕೂದಲಿನ ಸುತ್ತಲಿನ ಬಿಳಿ ಅಂಚು ಎಲ್ಲ ಆಗ ಕಾಣುತ್ತದೆ.

ಹುಡುಗರಿಗೆ ಅಕ್ಷರದ ಹಿಂದೆ ಹೊಳೆಯುವ ಹೊಗೆ, ಮೆದು ನೆರಳು ಅಂದರೆ ಪ್ರಾಣ. ಪರದೆ ಮೇಲೆ ಸಿನಿಮಾ ಪೋಸ್ಟರ್ ಥರ ಕಾಣುತ್ತದೆ ನಿಜ. ಆದರೆ ಅರ್ಧ ಪಾರದರ್ಶಕ ಇರುವ ಜಾಗಕ್ಕೂ ಕೆಳಗೆ ಬಿಳಿ ಬೀಳುತ್ತದೆ, ಕಪ್ಪು ಬಟ್ಟೆ ಮೇಲೆ ಬೂದಿ ಬಳಿದ ಹಾಗೆ ಆಗುತ್ತದೆ. ನೆರಳು ಬೇಕೇ ಬೇಕೆಂದರೆ ಒಂದೇ ಗಟ್ಟಿ ಬಣ್ಣದಲ್ಲಿ ಮಾಡಿ. ಅರ್ಧ ಮಿಲಿಮೀಟರಿಗಿಂತ ತೆಳು ಗೆರೆಗೆ ಅಂಟಿನ ಪುಡಿ ಸರಿಯಾಗಿ ಹಿಡಿಯುವುದಿಲ್ಲ, ನಾಲ್ಕು ಸಲ ಒಗೆಯುವಷ್ಟರಲ್ಲಿ ಎದ್ದು ಬರುತ್ತದೆ. ಅಳತೆ ಅಂದರೆ ಎದೆಯ ಮೇಲಿನ ಸಣ್ಣ ಲೋಗೋಗೆ ಎಂಟರಿಂದ ಹತ್ತು ಸೆಂಟಿಮೀಟರ್, ಬೆನ್ನಿಗೆ ದೊಡ್ಡವರಿಗಾದರೆ ಎ3 ಅಗಲ. ಮಂಡಳಿಯಲ್ಲಿ ಸಣ್ಣ ಹುಡುಗರೂ ಇದ್ದರೆ ಅವರಿಗೆ ಬೇರೆ ಅಳತೆಯ ಫೈಲ್ ಮಾಡಿ. ಇಲ್ಲದಿದ್ದರೆ ಮಂಡಳಿಯ ಹೆಸರು ಬಗಲಲ್ಲಿ ಮಡಚಿಕೊಳ್ಳುತ್ತದೆ.

ಕನ್ನಡಿ ಬಿಂಬದ ಹಾಗೆ ತಿರುಗಿಸುವ ಕೆಲಸ ಪ್ರಿಂಟ್ ಮಾಡುವವರಿಗೆ ಬಿಡಿ. ಕೆಲವರು ಬುದ್ಧಿವಂತಿಕೆಯಿಂದ ಮೊದಲೇ ಮಿರರ್ ಮಾಡಿ ಕಳಿಸುತ್ತಾರೆ, ಸಾಫ್ಟ್‌ವೇರ್ ಇನ್ನೊಮ್ಮೆ ತಿರುಗಿಸುತ್ತದೆ. ಫೈಲ್ ಯಾವಾಗಲೂ ನೆಟ್ಟಗೆ ಓದುವ ಹಾಗೆ ಇರಲಿ.

ಅಕ್ರಿಲಿಕ್ ಮತ್ತು ಮರ ಕತ್ತರಿಸುವಾಗ

ಲೇಸರ್‌ನಲ್ಲಿ ಹೆಸರು ಕತ್ತರಿಸುವ ಕೆಲಸದಲ್ಲಿ ಇಂಗ್ಲಿಷಿನ ಉಪಾಯಗಳು ನಡೆಯುವುದಿಲ್ಲ. ಚೆನ್ನಮ್ಮ ಅಂತ ಬರೆದು ಕತ್ತರಿಸಲು ಕೊಟ್ಟು ನೋಡಿ. ಮೂರು ಅಕ್ಷರ, ಎರಡು ಒತ್ತು, ಐದು ತುಂಡು ಕೈಗೆ ಬರುತ್ತವೆ. ಹೆಚ್ಚಿನ ಫಾಂಟ್‌ಗಳಲ್ಲಿ ಒತ್ತು ಮೇಲಿನ ಅಕ್ಷರಕ್ಕೆ ತಾಗಿರುವುದೇ ಇಲ್ಲ. ಕರ್ವ್ ಮಾಡಿದ ಮೇಲೆ ಒತ್ತನ್ನು ಎರಡು ಮಿಲಿಮೀಟರ್ ಮೇಲಕ್ಕೆ ತಳ್ಳಿ ಅಕ್ಷರದ ಒಳಗೆ ನುಗ್ಗಿಸಿ. ಅಕ್ಷರಗಳನ್ನೂ ಒಂದಕ್ಕೊಂದು ಸ್ವಲ್ಪ ತಾಗಿಸಿ. ಆಮೇಲೆ ಎಲ್ಲ ಆಯ್ಕೆ ಮಾಡಿ ವೆಲ್ಡ್ ಮಾಡಿ, ಅಂದರೆ ಒಂದೇ ಆಕಾರಕ್ಕೆ ಬೆಸೆಯಿರಿ. ವೆಲ್ಡ್ ಮರೆತರೆ ಒಂದರ ಮೇಲೊಂದು ಬಂದ ಕಡೆಯೂ ಲೇಸರ್ ಕತ್ತರಿಸಿಕೊಂಡೇ ಹೋಗುತ್ತದೆ. ಹೀಗೆ ಜೋಡಿಸಿದ್ದು ಚಂದ ಕಾಣದಿದ್ದರೆ ಕಾಂಟೂರ್ ಹಾಕಿ, ಹೆಸರಿನ ಸುತ್ತ ಮೂರ್ನಾಲ್ಕು ಮಿಲಿಮೀಟರ್ ದೊಡ್ಡದಾದ ಹಿಂಬದಿ ಹಲಗೆ ಮಾಡಿ. ಅದರ ಮೇಲೆ ಐದು ತುಂಡನ್ನೂ ಅಂಟಿಸಬಹುದು. ಬಾಗಿಲ ಮೇಲಿನ ನೇಮ್ ಬೋರ್ಡಿಗೆ ನಾನು ಎರಡನೆಯದನ್ನೇ ಮಾಡುವುದು. ಅಕ್ಷರದ ರೂಪ ಕೆಡುವುದಿಲ್ಲ.

ಹೆಸರನ್ನು ತೂತಾಗಿ ಕೊರೆಯುವುದಾದರೆ ತೊಂದರೆ ಉಲ್ಟಾ. ರ ಅಕ್ಷರದ ಒಳಗಿನ ಹೊಟ್ಟೆ, ಠ ಅಕ್ಷರದ ಸುತ್ತು ಉದುರಿ ಹೋಗುತ್ತವೆ. ಹಿರೇಮಠ ಅಂದರೆ ಎರಡೂ ಇವೆ! ಸಣ್ಣ ಸೇತುವೆಯಂಥ ಗೆರೆ ಬಿಟ್ಟು ಹಿಡಿದಿಡಬೇಕು.

ಕತ್ತರಿಸುವ ಗೆರೆ, ಕೆತ್ತುವ ಭಾಗ ಎರಡನ್ನೂ ಬೇರೆ ಬಣ್ಣದಲ್ಲಿ, ಬೇರೆ ಲೇಯರ್‌ನಲ್ಲಿ ಇಡಿ. ನಾವು ಕತ್ತರಿಸುವುದಕ್ಕೆ ಕೆಂಪು ಹೇರ್‌ಲೈನ್, ಕೆತ್ತುವುದಕ್ಕೆ ಕಪ್ಪು ಅಂತ ಇಟ್ಟುಕೊಂಡಿದ್ದೇವೆ. ಬೇರೆ ಅಂಗಡಿಯಲ್ಲಿ ಬೇರೆ ಪದ್ಧತಿ ಇರಬಹುದು, ಕೇಳಿ. ಕೀಚೈನ್ ಆದರೆ ರಿಂಗಿನ ತೂತು ಅಂಚಿಗೆ ತೀರಾ ಹತ್ತಿರ ಬೇಡ, ಮೂರು ಮಿಲಿಮೀಟರ್ ಬಿಡಿ.

ಬಣ್ಣ, ಅಂಚು

ಆಫ್‌ಸೆಟ್‌ಗೆ ಸಿಎಂವೈಕೆ (ನಾಲ್ಕು ಇಂಕಿನ ಲೆಕ್ಕ), ಸಬ್ಲಿಮೇಶನ್‌ಗೆ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿಯ ಲೆಕ್ಕ). ನಮ್ಮ ಸಬ್ಲಿಮೇಶನ್ ಪ್ರಿಂಟರ್ ಆರ್‌ಜಿಬಿಯನ್ನೇ ತೆಗೆದುಕೊಂಡು ತನ್ನ ಪ್ರೊಫೈಲ್ ಪ್ರಕಾರ ಬದಲಿಸಿಕೊಳ್ಳುತ್ತದೆ, ನೀವು ಮೊದಲೇ ಬದಲಿಸಿದರೆ ಬಣ್ಣ ಇನ್ನಷ್ಟು ಡಲ್. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್‌ಗೆ ಸಣ್ಣ ಕಪ್ಪು ಅಕ್ಷರ ಬರೀ ಕಪ್ಪು 100ರಲ್ಲಿ ಇರಲಿ. ನಾಲ್ಕು ಬಣ್ಣ ಸೇರಿಸಿ ಕಪ್ಪು ಮಾಡಿದರೆ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರ ತುಂಬಿಕೊಳ್ಳುತ್ತದೆ. ಕಾಗದದ ಕೆಲಸಕ್ಕೆ ಸುತ್ತಲೂ ಮೂರು ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚಿನ ಅಂಚು ಬಿಡಿ, ಅಷ್ಟೇ ಒಳಗೆ ಅಕ್ಷರ ನಿಲ್ಲಿಸಿ. ಮೊಬೈಲಿನಲ್ಲಿ ಮಿಂಚುವ ಹಸಿರು, ಕೇಸರಿ ಮಾಮೂಲಿ ಇಂಕಿನಲ್ಲಿ ಬರುವುದಿಲ್ಲ ಅಂತ ಗಿರಾಕಿಗೆ ಮೊದಲೇ ಹೇಳಿಬಿಡಿ.

ಪ್ರೂಫ್, ಕಳಿಸುವುದು

ಪ್ರೂಫ್ ಜೆಪೆಗ್ ಕಳಿಸಿ "ಹೆಂಗೈತಿ ನೋಡ್ರಿ" ಅಂದರೆ "ಮಸ್ತ್ ಐತ್ರಿ" ಅಂತ ಹೆಬ್ಬೆರಳು ಬರುತ್ತದೆ. ಅದರಿಂದ ಉಪಯೋಗವಿಲ್ಲ. ಹೆಸರು, ತಾರೀಖು, ವಾರ, ಸ್ಥಳ ಇವನ್ನು ಅವರೇ ಟೈಪ್ ಮಾಡಿ ವಾಪಸ್ ಕಳಿಸಲು ಹೇಳಿ. ವಾರ ಮತ್ತು ತಾರೀಖು ಹೊಂದುತ್ತದೆಯೇ ಅಂತ ಕ್ಯಾಲೆಂಡರ್ ತೆಗೆದು ನೀವೂ ನೋಡಿ. ಮಗ್ ಡಿಸೈನನ್ನು ಸಾದಾ ಕಾಗದದ ಮೇಲೆ ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆದು, ಮಗ್ಗಿಗೆ ಸುತ್ತಿ, ಟೇಪ್ ಹಚ್ಚಿ ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು. ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ಆರಿಸಿದ್ದರೆ ತೆಗೆಯಿರಿ, ಅಳತೆ ಹಾಳಾಗುವುದು ಅಲ್ಲೇ.

ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕೆಲವು ಪ್ರಿಂಟಿಂಗ್ ಸಾಫ್ಟ್‌ವೇರ್‌ಗಳು ಕನ್ನಡ ಹೆಸರಿನ ಫೈಲ್ ಕಂಡರೆ ನಿಂತುಬಿಡುತ್ತವೆ. ಫೈನಲ್, ಫೈನಲ್ ನ್ಯೂ, ಫೈನಲ್ ಲಾಸ್ಟ್ ಅಂತ ಮೂರು ಫೈಲ್ ಕಳಿಸಬೇಡಿ. ವಸ್ತು, ಅಳತೆ, ಎಷ್ಟು ನಗ, ತಾರೀಖು ಇಷ್ಟು ಹೆಸರಿನಲ್ಲಿದ್ದರೆ ನಾನು ಫೋನ್ ಮಾಡಿ ಕೇಳುವುದು ತಪ್ಪುತ್ತದೆ. ಗಣೇಶ ಚೌತಿಯ ಟೀ-ಶರ್ಟ್ ಆದರೆ ಹಬ್ಬಕ್ಕೆ ಎರಡು ವಾರ ಮೊದಲು ಫೈಲ್ ಕೊಡಿ. ಹಿಂದಿನ ದಿನ ರೋಣದಿಂದಲೋ ಮುಂಡರಗಿಯಿಂದಲೋ ಗಾಡಿ ಮಾಡಿಕೊಂಡು ಬಂದು "ಅಕ್ಕಾರ, ನೀವಽ ಏನಾರ ಮಾಡ್ರಿ" ಅಂದರೆ, ಟೀ-ಶರ್ಟ್ ಇದ್ದರೂ ಫಿಲ್ಮ್ ಹೊಡೆಯುವ ಮಷೀನ್ ಖಾಲಿ ಇರುವುದಿಲ್ಲ.